ಮನೆಯೊಳಗಿನ ಗಾಯವನ್ನು ಗುರುತಿಸಲು ಕಲಿತವರು

ಕ್ರಿಸ್ತಜಯಂತಿಯ ಮರುಭಾನುವಾರ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಧರ್ಮಸಭೆಯ ಪಂಚಾಂಗದಲ್ಲಿ ಇದು ತೀರಾ ಹಳೆಯ ಹಬ್ಬವೇನಲ್ಲ. ಜಗದ್ಗುರು ಹದಿಮೂರನೆಯ ಲಿಯೋರವರು 1893ರಲ್ಲಿ ಇದಕ್ಕೆ ಒತ್ತಾಸೆ ನೀಡಿದರು, ಹದಿನೈದನೆಯ ಬೆನೆಡಿಕ್ಟರು 1921ರಲ್ಲಿ ಇಡೀ ಧರ್ಮಸಭೆಗೆ ವಿಸ್ತರಿಸಿದರು. ಅಂದಿನ ವಾಚನಗಳಲ್ಲಿ ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದ ಭಾಗವೊಂದಿದೆ. ಹೆಂಡತಿ ಗಂಡನಿಗೆ ವಿಧೇಯಳಾಗಿರಲಿ ಎನ್ನುವ ಪೌಲರು, ಅದೇ ಉಸಿರಿನಲ್ಲಿ ಗಂಡನು ಹೆಂಡತಿಯನ್ನು ಪ್ರೀತಿಸಲಿ, ಅವಳೊಡನೆ ಕಟುವಾಗಿ ನಡೆದುಕೊಳ್ಳದಿರಲಿ ಎಂದೂ ಹೇಳುತ್ತಾರೆ. ಮೊದಲನೆಯ ಮಾತು ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ನೆನಪಿಟ್ಟುಕೊಂಡವರು ಕಡಿಮೆ. ಹಬ್ಬದ ದಿನ ದಂಪತಿಗಳನ್ನು ಪೀಠದ ಮುಂದೆ ನಿಲ್ಲಿಸಿ ಆಶೀರ್ವದಿಸುವಾಗ, ಉದ್ದ ತೋಳಿನ ರವಿಕೆಯೊಳಗೆ ಬಾಸುಂಡೆ ಮುಚ್ಚಿಕೊಂಡು ನಿಂತ ತಾಯಂದಿರೂ ಆ ಸಾಲಿನಲ್ಲಿ ಇರುತ್ತಾರೆ ಎಂಬುದನ್ನು ನಾವು ಮರೆಯುವಂತಿಲ್ಲ.

ಈ ಗಾಯ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ, ಇಂದಿನ ಅಲ್ಜೀರಿಯಾ ದೇಶಕ್ಕೆ ಸೇರಿದ ತಗಾಸ್ತೆ ಎಂಬ ಊರಿನಲ್ಲಿ ಸಂತ ಮೋನಿಕಮ್ಮನವರು ಬಾಳಿದರು. ಅವರ ಪತಿ ಪತ್ರೀಸಿಯಸ್ ಭಾರಿ ಮುಂಗೋಪಿ. ಮಗ ಸಂತ ಅಗಸ್ಟೀನರು ತಮ್ಮ 'ಆತ್ಮನಿವೇದನೆ'ಯ ಒಂಬತ್ತನೆಯ ಭಾಗದಲ್ಲಿ ಆ ಊರಿನ ಹೆಂಗಸರನ್ನು ನೆನೆಯುತ್ತಾರೆ. ಮುಖದ ಮೇಲೆ ಹೊಡೆತದ ಗುರುತುಗಳನ್ನು ಹೊತ್ತುಕೊಂಡೇ ಅವರು ಪರಸ್ಪರ ಗೋಳು ಹೇಳಿಕೊಳ್ಳುತ್ತಿದ್ದರಂತೆ. ಅಂಥ ಕೋಪಿಷ್ಠನ ಹೆಂಡತಿಯಾದ ಮೋನಿಕಾ ಏಟು ತಿಂದ ಗುರುತೇ ಇಲ್ಲವಲ್ಲ ಎಂದು ಅವರಿಗೆಲ್ಲ ಸೋಜಿಗ. ಆಗ ಮೋನಿಕಾ ಅರ್ಧ ತಮಾಷೆಯಲ್ಲಿ, ಅರ್ಧ ನಿಜದಲ್ಲಿ ನೀಡಿದ ಉಪದೇಶ ಇಷ್ಟೇ: ತಪ್ಪು ನಿಮ್ಮ ನಾಲಿಗೆಯದು, ಗಂಡ ಸಿಟ್ಟಿನಲ್ಲಿರುವಾಗ ಎದುರಾಡಬೇಡಿ.

ಸಂತ ಮೋನಿಕಾ ಅವರನ್ನು ನಾವು ದೂರುವುದಿಲ್ಲ. ಅಂದಿನ ಆ ಹೆಂಗಸರ ಪಾಲಿಗೆ ಪೊಲೀಸ್ ಠಾಣೆಯೂ ಇರಲಿಲ್ಲ, ಆಶ್ರಯ ನೀಡುವ ಮನೆಯೂ ಇರಲಿಲ್ಲ. ಇದ್ದ ಸ್ಥಿತಿಯಲ್ಲಿ ಜೀವ ಉಳಿಸಿಕೊಳ್ಳುವ ಉಪಾಯವನ್ನು ಅವರು ಹೇಳಿದರು. ಆದರೆ ಒಬ್ಬ ಜಾಣ ಹೆಂಗಸು ನೆರೆಯವರಿಗೆ ಹೇಳಿದ ಆ ಉಪಾಯ ಮುಂದೆ ಬೋಧನೆಯಾಗಿಬಿಟ್ಟಿತು. ಹೊಡೆತಕ್ಕೆ ಕಾರಣ ಹೊಡೆಯುವ ಕೈಯಲ್ಲ, ತಿನ್ನುವವಳ ನಾಲಿಗೆ ಎಂಬ ಲೆಕ್ಕಾಚಾರ ಬೇರೂರಿತು. 1900ರಲ್ಲಿ ಸಂತಪದವಿಗೇರಿದ ಕಾಶಿಯಾದ ಸಂತ ರೀತಾ ಅವರ ಚರಿತ್ರೆಯನ್ನೂ ನಾವು ಬಹುಮಟ್ಟಿಗೆ ಹೀಗೆಯೇ ಹೇಳುತ್ತಾ ಬಂದಿದ್ದೇವೆ: ಕ್ರೂರಿ ಗಂಡ, ತಾಳ್ಮೆಯ ಹೆಂಡತಿ, ಕೊನೆಗೆ ಗಂಡನ ಮನಪರಿವರ್ತನೆ. ಗಂಡ ಬದಲಾಗದೇ ಉಳಿದ ಮನೆಯ ಹೆಣ್ಣುಮಗಳಿಗೆ ಈ ಕಥೆಯಿಂದ ಸಿಗುವುದೇನು?

ಸೋಜಿಗವೆಂದರೆ ಧರ್ಮಸಭೆಯ ಕಾನೂನಿಗೆ ಈ ವಿಷಯ ಚೆನ್ನಾಗಿಯೇ ಗೊತ್ತಿತ್ತು. 1917ರ ಸಂಹಿತೆಯ 1131ನೆಯ ನಿಯಮವು ಕ್ರೌರ್ಯವನ್ನು ದಂಪತಿ ಪ್ರತ್ಯೇಕವಾಗಿ ಬಾಳಲು ಸಾಕಾದ ಕಾರಣಗಳಲ್ಲಿ ಒಂದೆಂದು ಹೆಸರಿಸಿತ್ತು. 1983ರ ಸಂಹಿತೆಯ 1153ನೆಯ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ: ಬಾಳಸಂಗಾತಿಯಿಂದ ತನ್ನ ಅಥವಾ ಮಕ್ಕಳ ದೇಹಕ್ಕಾಗಲಿ ಮನಸ್ಸಿಗಾಗಲಿ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಇರಬಹುದು. ಧರ್ಮಾಧ್ಯಕ್ಷರ ಆದೇಶ ಬೇಕು, ನಿಜ; ಆದರೆ ತಡಮಾಡಿದರೆ ಅಪಾಯ ಎನ್ನುವಾಗ ಆಕೆ ತಾನೇ ನಿರ್ಧರಿಸಿ ಹೊರಡಬಹುದು. ವಿವಾಹದ ಬಂಧ ಹಾಗೆಯೇ ಉಳಿಯುತ್ತದೆ, ಪ್ರಸಾದ ಸ್ವೀಕರಿಸಲು ಇದರಿಂದ ಅಡ್ಡಿಯಿಲ್ಲ. ಮದುವೆಯ ಪೂರ್ವಸಿದ್ಧತೆಯ ತರಗತಿಗಳಲ್ಲಿ ಈ ನಿಯಮವನ್ನು ಎಷ್ಟು ಕಡೆ ಓದಿ ಹೇಳುತ್ತಾರೋ ಕಾಣೆವು.

ಇನ್ನು ವೈದ್ಯರ ಮಾತಿಗೆ ಬರೋಣ. ಗಾಯವನ್ನು ಮೊದಲು ನೋಡುವವರು ಅವರೇ ತಾನೇ? 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಎಂಬಾಕೆ ಹೊಡೆತ ತಿಂದು ಮನೆಬಿಟ್ಟ ಹೆಂಗಸರಿಗೆ ಆಶ್ರಯಮನೆ ತೆರೆದಾಗ ಅದು ಕಿಕ್ಕಿರಿದು ತುಂಬಿತು. ಅಷ್ಟೊಂದು ಹೆಂಗಸರು ಅಲ್ಲಿಯವರೆಗೆ ಎಲ್ಲಿದ್ದರು? ಇದಕ್ಕೆ ಉತ್ತರದ ಒಂದು ಭಾಗ 1979ರಲ್ಲಿ ಅಮೆರಿಕದಿಂದ ಬಂತು. ಇವಾನ್ ಸ್ಟಾರ್ಕ್, ಆನ್ ಫ್ಲಿಟ್‌ಕ್ರಾಫ್ಟ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಗಾಯಗೊಂಡು ಬಂದ 481 ಹೆಂಗಸರ ಕಡತಗಳನ್ನು ತೆರೆದು ಓದಿದರು. ವೈದ್ಯರು ತಮ್ಮ ರೋಗಿಗಳಲ್ಲಿ 35ಕ್ಕೆ ಒಬ್ಬಳನ್ನು ಮಾತ್ರ ಮನೆಯಲ್ಲಿ ಹೊಡೆತ ತಿಂದವಳೆಂದು ಗುರುತಿಸಿದ್ದರು. ಕಡತಗಳನ್ನು ಸಾವಧಾನವಾಗಿ ಓದಿದಾಗ ಸಿಕ್ಕ ಅಂದಾಜು ನಾಲ್ಕಕ್ಕೆ ಒಬ್ಬಳು. ಮೂಳೆ ಕಟ್ಟಿದ್ದರು, ಹೊಲಿಗೆ ಹಾಕಿದ್ದರು, ಮತ್ತೆ ಮತ್ತೆ ಬಂದವಳಿಗೆ ನಿದ್ದೆಮಾತ್ರೆ ಬರೆದುಕೊಟ್ಟಿದ್ದರು. ಯಾರು ಹೊಡೆದರೆಂದು ಕೇಳಿರಲಿಲ್ಲ. ಆ ವೈದ್ಯರು ಕಟುಕರಾಗಿರಲಿಲ್ಲ. ಹಾಗೆ ಕೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ ಅಷ್ಟೆ.

ನಮ್ಮ ನಾಡಿನ ಕಥೆ ಇದಕ್ಕಿಂತ ಬೇರೆಯೇನಲ್ಲ. 'ಸ್ಟವ್ ಸಿಡಿಯಿತು' ಎಂಬ ಮಾತನ್ನು ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪತ್ರಿಕೆ ಓದಿದವರು ಮರೆತಿರಲಾರರು. ಸೀಮೆಎಣ್ಣೆ ಸ್ಟವ್‌ಗಳು ಹೊಸ ಸೊಸೆಯಂದಿರ ಮುಂದೆ ಮಾತ್ರ ಸಿಡಿಯುತ್ತಿದ್ದುದು ಹೇಗೆ ಎಂದು ಗಟ್ಟಿಯಾಗಿ ಕೇಳಿದವರಲ್ಲಿ ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ 'ವಿಮೋಚನಾ' ಸಂಘಟನೆಯವರು ಮುಖ್ಯರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಮಂಚಗಳ ಪಕ್ಕ ಕುಳಿತು ಅವರು ಕೇಳಿಸಿಕೊಂಡರು. ಇತ್ತ ದೇಶದ ಕಾನೂನೂ ಮೆಲ್ಲನೆ ಕಣ್ಣು ಬಿಟ್ಟಿತು. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಅಪರಾಧವೆಂದು ಸಾರಿದ ಭಾರತ ದಂಡಸಂಹಿತೆಯ 498ಎ ಕಲಮು ಜಾರಿಗೆ ಬಂದದ್ದು 1983ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ! 2024ರ ಜುಲೈ 1ರಿಂದ ಅದೇ ಅಪರಾಧವು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ. ಕಾನೂನು ಬಂತು, ಆದರೆ ಠಾಣೆಯಲ್ಲಿ ಕುಳಿತವರು ದೂರು ತಂದವಳಿಗೆ 'ಹೋಗಮ್ಮ, ಹೊಂದಿಕೊಂಡು ಹೋಗು' ಎನ್ನುವುದು ನಿಲ್ಲಲಿಲ್ಲ. 1984ರಲ್ಲಿ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆಯವರು ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯ ಒಳಗೇ ತರಬೇತಾದ ಸಮಾಜ ಕಾರ್ಯಕರ್ತರನ್ನು ಕೂರಿಸಿದ್ದು ಇದೇ ಕಾರಣಕ್ಕೆ. ಬೆಂಗಳೂರಿನ ಪೊಲೀಸರು 1999ರಲ್ಲಿ ವನಿತಾ ಸಹಾಯವಾಣಿ ಆರಂಭಿಸಿದರು.

ಆದರೆ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಮುಂಬಯಿಯ ಬಾಂದ್ರಾ. ಮೌಂಟ್ ಮೇರಿ ಹಬ್ಬಕ್ಕೆ ಹೋಗಿಬಂದವರಿಗೆಲ್ಲ ಆ ಊರು ಪರಿಚಿತ. ಅಲ್ಲಿನ ಕೆ. ಬಿ. ಭಾಭಾ ಆಸ್ಪತ್ರೆ ನಗರಪಾಲಿಕೆಗೆ ಸೇರಿದ್ದು, ಬಡವರು ಬರುವ ಜಾಗ. 2000ದಲ್ಲಿ ಸೆಹತ್ ಎಂಬ ಸಂಸ್ಥೆ ಮತ್ತು ಪಾಲಿಕೆ ಸೇರಿ ಅಲ್ಲಿ 'ದಿಲಾಸಾ' ಎಂಬ ಕೇಂದ್ರವನ್ನು ಸ್ಥಾಪಿಸಿದವು. ದಿಲಾಸಾ ಎಂದರೆ ಸಮಾಧಾನ, ಭರವಸೆ. ದೇಶದಲ್ಲಿ ಆಸ್ಪತ್ರೆಯೊಳಗೇ ಇಂಥ ಕೇಂದ್ರ ತೆರೆದದ್ದು ಅದೇ ಮೊದಲು. ಆಸ್ಪತ್ರೆಯೇ ಏಕೆ? ಠಾಣೆಗೆ ಹೋಗುತ್ತೇನೆಂದರೆ ಗಂಡ ಬಿಡಲಾರ. ಜ್ವರ, ಗಾಯ, ಬಸಿರು ಎಂದರೆ ಬಿಡದೆ ವಿಧಿಯಿಲ್ಲ.

ಅಲ್ಲಿನ ಕೆಲಸ ಶುರುವಾದದ್ದು ಆಸ್ಪತ್ರೆಯ ಸಿಬ್ಬಂದಿಯ ತರಬೇತಿಯಿಂದ. ವೈದ್ಯರು, ನರ್ಸಮ್ಮಂದಿರು, ಸಮಾಜ ಕಾರ್ಯಕರ್ತರು ಕೂತು ಕಲಿತರು. ಅವರಲ್ಲೇ ಕೆಲವರು ಮುಂದೆ ಉಳಿದವರಿಗೆ ಕಲಿಸುವವರಾದರು. ಇದು ಮನೆಯ ವಿಷಯ, ನಮ್ಮ ಕೆಲಸವಲ್ಲ ಎಂಬ ಅಡ್ಡಗೋಡೆಯನ್ನು ಮೊದಲು ಒಡೆಯಬೇಕಿತ್ತು. ಆಮೇಲೆ ಲಕ್ಷಣಗಳು. ಹೇಳುವ ಕಾರಣಕ್ಕೂ ಗಾಯಕ್ಕೂ ತಾಳೆಯಿಲ್ಲದಿರುವುದು, ಏಟು ಬಿದ್ದು ಎರಡು ದಿನ ಕಳೆದ ಮೇಲೆ ಬರುವುದು, ಪ್ರಶ್ನೆ ಅವಳಿಗೆ ಕೇಳಿದರೆ ಉತ್ತರ ಗಂಡನಿಂದ ಬರುವುದು, ಕಾರಣ ಸಿಗದ ತಲೆನೋವು, ನಿದ್ದೆಯಿಲ್ಲದಿರುವುದು. ವಿಷ ಕುಡಿದು ಬಂದವರ ಕಡತಗಳಲ್ಲಿ 'ಆಕಸ್ಮಿಕವಾಗಿ ಸೇವಿಸಿದ್ದು' ಎಂದು ಬರೆದು ಮುಗಿಸುವುದು ರೂಢಿಯಾಗಿತ್ತು. ಆತ್ಮಹತ್ಯೆಯ ಯತ್ನ ಅಪರಾಧವಾಗಿದ್ದ ಕಾಲ. ಹಾಗೆ ಬರೆಯುವುದು ಅವಳಿಗೆ ಉಪಕಾರವೆಂದೇ ಎಲ್ಲರ ಎಣಿಕೆ. ಆದರೆ ಆ ಒಂದು ಪದದಿಂದ ವಿಷದ ಹಿಂದಿದ್ದ ಮನೆಯೇ ಕಾಣದಂತಾಗುತ್ತಿತ್ತು.

ಮೂರನೆಯದು, ಕೇಳುವ ರೀತಿ. ಗಂಡನನ್ನೂ ಅತ್ತೆಯನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಮೆಲುದನಿಯಲ್ಲಿ ನೇರವಾಗಿ ಕೇಳಬೇಕು. ಹೇಳಿದ್ದನ್ನು ನಂಬಬೇಕು. 'ನೀನೇನು ಮಾಡಿದ್ದೆ' ಎಂದು ಕೇಳಬಾರದು. ಅವಳು ಹೇಳಿದ್ದನ್ನು, ಹೊಡೆದವನು ಯಾರೆಂಬುದನ್ನು ಸಹ, ಕಡತದಲ್ಲಿ ಬರೆಯಬೇಕು. ಮುಂದೆ ನ್ಯಾಯಾಲಯದಲ್ಲಿ ಅದೇ ಸಾಕ್ಷಿ. ಬಳಿಕ ಅದೇ ಆಸ್ಪತ್ರೆಯ ಸಮಾಲೋಚಕಿಯ ಹತ್ತಿರ ಕಳಿಸಿದರಾಯಿತು. ಆ ರಾತ್ರಿ ಮನೆಗೆ ಹೋಗಲು ಅಂಜುವವಳನ್ನು ನಿಗಾ ನೆಪದಲ್ಲಿ ವಾರ್ಡಿಗೇ ಸೇರಿಸಿಕೊಳ್ಳುವ ಏರ್ಪಾಡೂ ಇತ್ತು. ಗಾಯಾಳುವನ್ನು ಛತ್ರಕ್ಕೆ ತಂದ ಸಮಾರಿಯದವನ ಸಾಮತಿಯಲ್ಲಿ ಛತ್ರದ ಯಜಮಾನನ ಬಗ್ಗೆ ನಾವು ಪ್ರಬೋಧನೆ ಕೇಳುವುದು ಅಪರೂಪ. ಸಮಾರಿಯದವನು ಹೊರಟ ಮೇಲೆ ಆರೈಕೆ ಮಾಡಿದವನು ಅವನೇ ಇರಬೇಕಲ್ಲವೆ? ದಿಲಾಸಾ 2006ರಲ್ಲಿ ಕುರ್ಲಾದ ಆಸ್ಪತ್ರೆಗೂ, ಮುಂದೆ ಮುಂಬಯಿಯ ಇತರ ಆಸ್ಪತ್ರೆಗಳಿಗೂ ಹಬ್ಬಿತು.

ಒಂದು ದಿನ ಭಾಷಣ ಕೇಳಿಸಿ ಪ್ರಮಾಣಪತ್ರ ಕೊಟ್ಟರೆ ಸಾಕೇ? ಸಾಲದು ಎಂದು ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿತು. ಬ್ರಿಸ್ಟಲ್ ಮತ್ತು ಲಂಡನ್ನಿನ ಹ್ಯಾಕ್ನಿಯಲ್ಲಿ 24 ಚಿಕಿತ್ಸಾಲಯಗಳ ಸಿಬ್ಬಂದಿಗೆ ತರಬೇತಿ ಕೊಟ್ಟು, ಪ್ರಶ್ನೆ ಕೇಳಲು ಕಂಪ್ಯೂಟರಿನಲ್ಲಿ ನೆನಪೋಲೆ ಇಟ್ಟು, ಹೆಂಗಸರನ್ನು ಕಳಿಸಲು ಗೊತ್ತಾದ ಒಬ್ಬ ಸಹಾಯಕಿಯನ್ನೂ ನೇಮಿಸಿದರು. ಇನ್ನು 24 ಚಿಕಿತ್ಸಾಲಯಗಳಿಗೆ ಏನೂ ಕೊಡಲಿಲ್ಲ. 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಫಲಿತಾಂಶದಂತೆ ಒಂದು ವರ್ಷದಲ್ಲಿ ಮೊದಲ ಗುಂಪು ಸಹಾಯಕ್ಕೆ ಕಳಿಸಿದ್ದು 223 ಜನರನ್ನು, ಎರಡನೆಯ ಗುಂಪು 12 ಜನರನ್ನು. ಕೇಳಿದ ಮೇಲೆ ಕಳಿಸಲು ಒಂದು ಬಾಗಿಲು ಇಲ್ಲದಿದ್ದರೆ ಕೇಳುವವರೂ ಸುಮ್ಮನಾಗಿಬಿಡುತ್ತಾರೆ.

ನಮ್ಮ ದೇಶದಲ್ಲಿ ಆ ಬಾಗಿಲನ್ನು ಕಾನೂನೇ ತೆರೆದಿದೆ. 2005ರಲ್ಲಿ ಅಂಗೀಕಾರಗೊಂಡು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯು ಹೊಡೆತವನ್ನಷ್ಟೇ ಅಲ್ಲ, ಬೈಗುಳವನ್ನೂ, ಲೈಂಗಿಕ ಬಲಾತ್ಕಾರವನ್ನೂ, ಮನೆಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದನ್ನೂ ಹಿಂಸೆಯೆನ್ನುತ್ತದೆ. ಪೊಲೀಸರಿಗೂ ನ್ಯಾಯಾಧೀಶರಿಗೂ ಕಾಲಕಾಲಕ್ಕೆ ಈ ಬಗ್ಗೆ ತಿಳಿವಳಿಕೆ ನೀಡಬೇಕೆಂದು 11ನೆಯ ಕಲಮು ಸರ್ಕಾರಕ್ಕೆ ವಿಧಿಸುತ್ತದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಅಂಗನವಾಡಿಯ ಉಸ್ತುವಾರಿಯೂ ಅವರ ಹೆಗಲ ಮೇಲೆಯೇ ಇರುವುದರಿಂದ ಬಿಡುವು ಎಷ್ಟು ಸಿಗುತ್ತದೆಂಬುದು ಬೇರೆ ಮಾತು. ಅಗತ್ಯವಂತೂ ಕುಗ್ಗಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತೆಯರು ನೂರಕ್ಕೆ ಸುಮಾರು 21, 2019-21ರಲ್ಲಿ 44. ದೇಶದಲ್ಲಿ ಹಿಂಸೆಗೆ ಸಿಕ್ಕವರಲ್ಲಿ ಯಾರಲ್ಲಾದರೂ ನೆರವು ಕೇಳಿದವರು ನೂರಕ್ಕೆ 14 ಮಾತ್ರ. ಅವರಲ್ಲಿಯೂ ಹೆಚ್ಚಿನವರು ಹೋದದ್ದು ತವರಿಗೆ. ವೈದ್ಯರ ಹತ್ತಿರ, ಧರ್ಮಗುರುಗಳ ಹತ್ತಿರ ಹೋದವರು ಬೆರಳೆಣಿಕೆಯಷ್ಟು.

ಗುರುಗಳಿಗೂ ಈ ಪಾಠ ಬೇಕು. ಅಮೆರಿಕದ ಧರ್ಮಾಧ್ಯಕ್ಷರು 1992ರಲ್ಲಿ ಈ ವಿಷಯಕ್ಕೆಂದೇ ಒಂದು ಪತ್ರ ಹೊರಡಿಸಿ 2002ರಲ್ಲಿ ಅದನ್ನು ಪರಿಷ್ಕರಿಸಿದರು. ಹಿಂಸೆ ಸಹಿಸಿಕೊಂಡು ಬಿದ್ದಿರಬೇಕೆಂದು ಬೈಬಲನ್ನು ತಿರುಚಿ ಹೇಳುವುದು ಸಲ್ಲದೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದರು. ಜಗದ್ಗುರು ಫ್ರಾನ್ಸಿಸರು 2016ರ 'ಪ್ರೀತಿಯ ಆನಂದ' ಪ್ರೇಷಿತ ಪತ್ರದಲ್ಲಿ, ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿ ಅಗತ್ಯವೇ ಆಗಬಹುದೆಂದರು. ಮೊದಲ ದಿನವೇ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವುದು ನಮ್ಮ ಧರ್ಮಕೇಂದ್ರಗಳ ವಾಡಿಕೆ. ಗಂಡನ ಮುಂದೆ ಅವಳು ನಿಜ ಹೇಳಲಾರಳು. ಹೇಳಿದರೆ ಅದರ ಬೆಲೆಯನ್ನು ಮನೆಯಲ್ಲಿ ತೆರಬೇಕಾಗುತ್ತದೆ. ಪಾಪನಿವೇದನೆಯಲ್ಲಿ ಹೇಳಿದರೆ ಗುರುಗಳ ಬಾಯಿಗೆ ಮುದ್ರೆ ಬಿದ್ದಂತೆ, ಆದ್ದರಿಂದ 'ಇದನ್ನು ಹೊರಗೆ ಬಂದು ನನಗೆ ಹೇಳಮ್ಮ' ಎನ್ನುವ ಜಾಣ್ಮೆ ಬೇಕು.

ಮೇಲೆ ಹೇಳಿದ ಅಮೆರಿಕದ ಪತ್ರದಲ್ಲಿ ಸಣ್ಣ ಸಲಹೆಯೊಂದಿದೆ: ನೆರವು ಸಿಗುವ ಜಾಗಗಳ ವಿವರವನ್ನು ಚರ್ಚಿನ ಶೌಚಾಲಯದಲ್ಲಿ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಓದಲು ಆಗುವುದು ಅಲ್ಲಿ ಮಾತ್ರ. ನಮ್ಮಲ್ಲಿ ಅಂಟಿಸುವುದಾದರೆ ಬರೆಯಬೇಕಾದ್ದು ಇಷ್ಟು: ಮಹಿಳಾ ಸಹಾಯವಾಣಿ 181, ತುರ್ತಿಗೆ 112, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯ ವಿಳಾಸ. ಕೆಳಗೆ ಇನ್ನೊಂದು ಸಾಲು, ನೆರೆಹೊರೆಯವರಿಗಾಗಿ: ಒಳ್ಳೆಯ ಮನಸ್ಸಿನಿಂದ ರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದೆಂದು ಕಾಯ್ದೆಯ 4ನೆಯ ಕಲಮು ಹೇಳುತ್ತದೆ.