ಹಗಲು ಸೈಕಲ್ ಅಂಗಡಿ, ಸಂಜೆ ವಿಮಾನ

ಸೊರಬದ ಗುಡಿಗಾರರ ಕೈಕೆಲಸವನ್ನು ನೀವು ನೋಡಿಯೇ ಇರುತ್ತೀರಿ. ಸೊರಬ, ಸಾಗರಗಳ ಗುಡಿಗಾರ ಕುಟುಂಬಗಳು ಗಂಧದ ಕೊರಡಿನಲ್ಲಿ ಬಿಡಿಸುವ ಬಳ್ಳಿ, ಆನೆ, ದೇವರ ಮೂರ್ತಿಗಳನ್ನು ಕಂಡವರಿಗೆ ಉಳಿಯ ಒಂದು ತಪ್ಪು ಪೆಟ್ಟು ಎಷ್ಟು ದುಬಾರಿ ಎಂಬುದು ಗೊತ್ತು. ಈಗ ನಿಮಗೊಂದು ಪ್ರಶ್ನೆ. 1903ರಲ್ಲಿ ಮನುಷ್ಯನನ್ನು ಹೊತ್ತು, ಯಂತ್ರದ ಬಲದಿಂದ, ಹತೋಟಿಯಲ್ಲಿ ಹಾರಿದ ಆ ಮೊದಲ ವಿಮಾನದ ಎರಡು ಪ್ರೊಪೆಲರುಗಳನ್ನು ಯಾವ ಕಾರ್ಖಾನೆ ತಯಾರಿಸಿತ್ತು?

ಯಾವ ಕಾರ್ಖಾನೆಯೂ ಅಲ್ಲ. ಸ್ಪ್ರೂಸ್ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕೈಗೊಡಲಿಯಿಂದ ಕೆತ್ತಿ, ಎರಡು ಹಿಡಿಯ ಕತ್ತಿಯಿಂದ ಹೆರೆದು ಅವನ್ನು ರೂಪಿಸಿದವರು ಅಮೆರಿಕದ ಡೇಟನ್ ಪಟ್ಟಣದ ಇಬ್ಬರು ಸೈಕಲ್ ವ್ಯಾಪಾರಿಗಳು. ಎಂಟೂವರೆ ಅಡಿ ಉದ್ದದ ಆ ಪ್ರೊಪೆಲರುಗಳು ಎಂಜಿನ್ನಿನ ಬಲದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲನ್ನು ನೂಕುಬಲವಾಗಿ ಪರಿವರ್ತಿಸುತ್ತಿದ್ದವೆಂದು ಮುಂದೆ ಅಳೆದು ನೋಡಿದ ತಜ್ಞರು ಬೆರಗಾದರು. ಮರದ ಎಳೆ ಎತ್ತ ಸಾಗುತ್ತದೆಂಬುದನ್ನು ಬೆರಳತುದಿಯಲ್ಲೇ ತಿಳಿಯುವ ಸೊರಬದ ಕುಶಲಕರ್ಮಿಗೆ ಆ ಕೆಲಸ ಪೂರ್ತಿ ಅಪರಿಚಿತ ಎನಿಸಲಾರದು.

ವಿಮಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯುದ್ಧಗಳ, ಕಂಪನಿಗಳ ಚರಿತ್ರೆಯಾಗಿ ಓದುತ್ತೇವೆ. ಇಲ್ಲಿ ಬೇರೊಂದು ದಾರಿ ಹಿಡಿಯೋಣ. ತಮ್ಮ ಕೈಯಾರೆ ವಿಮಾನ ಕಟ್ಟಿದ, ಸಂತೋಷಕ್ಕಾಗಿ ಹಾರಿದ ಈ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಶಿಕಾರಿಪುರ ತಾಲ್ಲೂಕಿನವರಿಗೆ ಈ ಪ್ರಶ್ನೆ ಸಹಜವೆನಿಸಬೇಕು. ಬಳ್ಳಿಗಾವಿ, ಉಡುತಡಿಗಳ ನೆಲ ಅದು. ಅಲ್ಲಮನನ್ನು ಮದ್ದಳೆಗಾರನೆಂದೇ ಪರಂಪರೆ ನೆನೆಯುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ ಎನ್ನುವಾಗ ಶರಣರ ಹೆಸರಿಗೆ ಮೊದಲೇ ಅವರ ಕಾಯಕ ಬಂದು ನಿಲ್ಲುತ್ತದೆ. ವಿಮಾನದ ಇತಿಹಾಸಕಾರರು ಈ ರೂಢಿಯನ್ನು ಪಾಲಿಸಿದ್ದರೆ 'ಸೈಕಲ್ಲಿನ ವಿಲ್ಬರ್', 'ಬಾಯ್ಲರಿನ ಓಟೋ' ಎಂದೇ ನಾವು ಕಲಿಯುತ್ತಿದ್ದೆವೇನೋ!

ವಿಲ್ಬರ್ ಮತ್ತು ಆರ್ವಿಲ್ ರೈಟ್ ಮೊದಲು ಮುದ್ರಣಾಲಯ ನಡೆಸಿದರು. 1892ರಲ್ಲಿ ಸೈಕಲ್ ಅಂಗಡಿ ತೆರೆದರು. 1896ರಿಂದ ತಮ್ಮದೇ ಸೈಕಲ್ಲುಗಳನ್ನೂ ತಯಾರಿಸಿದರು. ಇಬ್ಬರ ಬಳಿಯೂ ಕಾಲೇಜಿನ ಪದವಿ ಇರಲಿಲ್ಲ. ಮನೆಯಲ್ಲಿ ಪದವಿ ಪಡೆದಿದ್ದ ಏಕೈಕ ಮಗು ತಂಗಿ ಕ್ಯಾಥರೀನ್. ಆಕೆ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದರು. ವಿಜ್ಞಾನದ ಪದವಿಯನ್ನು ಗೋಡೆಗೆ ತೂಗುಹಾಕಿಕೊಂಡಿರುವ ನಮ್ಮಂಥವರು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು.

ಆ ಅಂಗಡಿ ಅವರಿಗೆ ಕೊಟ್ಟದ್ದು ಹಣವೊಂದನ್ನೇ ಅಲ್ಲ. ಸೈಕಲ್ ವ್ಯಾಪಾರ ವಸಂತ, ಬೇಸಿಗೆಗಳಲ್ಲಿ ಜೋರು. ಆ ಕಾಲ ಕಳೆದರೆ ಬಿಡುವು. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಮೇಳ ಕಟ್ಟುವಂತೆ, ಅವರು ಬಿಡುವಿನಲ್ಲಿ ಕಿಟಿ ಹಾಕ್ ಎಂಬ ಮರಳು ತೀರಕ್ಕೆ ಹೊರಡುತ್ತಿದ್ದರು. ಎರಡನೆಯದು ಒಂದು ತಿಳಿವಳಿಕೆ. ಅಂದಿನ ಬಹುಪಾಲು ಪ್ರಯೋಗಕಾರರು ಗಾಡಿಯಂತೆ ತಾನಾಗಿಯೇ ನೆಟ್ಟಗೆ ನಿಲ್ಲುವ ವಿಮಾನವನ್ನು ಹುಡುಕುತ್ತಿದ್ದರು. ಸೈಕಲ್ ಮಾರುವವನಿಗೆ ಗೊತ್ತು, ಸೈಕಲ್ ತಾನಾಗಿ ನಿಲ್ಲುವುದಿಲ್ಲ. ತುಳಿಯುವವನು ಕ್ಷಣಕ್ಷಣಕ್ಕೂ ತೂಗಿಸಿಕೊಂಡು ಹೋಗಬೇಕು. ವಿಮಾನವೂ ಹಾಗೆಯೇ ಇರಬಾರದೇಕೆ? 1899ರಲ್ಲಿ ಟ್ಯೂಬ್ ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಕೈಯಲ್ಲಿ ತಿರುಚುತ್ತಿದ್ದಾಗ ವಿಲ್ಬರನಿಗೆ ರೆಕ್ಕೆಯನ್ನು ತಿರುಚಿ ವಿಮಾನವನ್ನು ವಾಲಿಸುವ ಉಪಾಯ ಹೊಳೆಯಿತು.

1901ರಲ್ಲಿ ಅವರ ಗ್ಲೈಡರು ನಿರೀಕ್ಷಿಸಿದಷ್ಟು ಏಳಲಿಲ್ಲ. ಅಂದಿನ ಪುಸ್ತಕಗಳ ಲೆಕ್ಕ ತಾಳೆಯಾಗಲಿಲ್ಲ. ಆಗ ಅವರು ಅಂಗಡಿಯಲ್ಲೇ ಆರಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ತುದಿಗೆ ಫ್ಯಾನ್ ಕೂಡಿಸಿ, ಗಾಳಿಸುರಂಗ ಕಟ್ಟಿಕೊಂಡರು. ಬಲ ಅಳೆಯುವ ತಕ್ಕಡಿಗೆ ಬಳಸಿದ್ದು ಗರಗಸದ ಹಳೆಯ ಬ್ಲೇಡುಗಳು ಮತ್ತು ಸೈಕಲ್ ಕಡ್ಡಿಯ ತಂತಿ. ಅದರಲ್ಲಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಎಂಜಿನನ್ನು ಕಟ್ಟಿಕೊಟ್ಟವನು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಆತನಿಗೆ ಹಿಡಿದದ್ದು ಆರು ವಾರ, ದಕ್ಕಿದ್ದು ಸುಮಾರು 12 ಅಶ್ವಶಕ್ತಿ. ಪ್ರೊಪೆಲರುಗಳನ್ನು ತಿರುಗಿಸಿದ್ದು ಸೈಕಲ್ ಮಾದರಿಯ ಚೈನು. 1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯ ಹಾರಾಟ 59 ಸೆಕೆಂಡು, 852 ಅಡಿ. ಒಟ್ಟು ಖರ್ಚು ಸಾವಿರ ಡಾಲರಿಗೂ ಕಡಿಮೆ, ಎಲ್ಲವೂ ಅಂಗಡಿಯ ಗಳಿಕೆ. ಅದಕ್ಕೆ ಒಂಬತ್ತು ದಿನ ಮೊದಲು, ಸರ್ಕಾರದ ಯುದ್ಧ ಇಲಾಖೆಯಿಂದ 50,000 ಡಾಲರ್ ಪಡೆದಿದ್ದ ಪ್ರೊಫೆಸರ್ ಲ್ಯಾಂಗ್ಲಿಯವರ ವಿಮಾನ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು.

ರೈಟ್ ಸಹೋದರರಿಗೆ ಗುರುವಿನಂತಿದ್ದವನು ಜರ್ಮನಿಯ ಓಟೋ ಲಿಲಿಯೆಂಥಾಲ್. ಬರ್ಲಿನ್ನಿನಲ್ಲಿ ಬಾಯ್ಲರ್ ಮತ್ತು ಸಣ್ಣ ಉಗಿಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದ ಎಂಜಿನಿಯರ್. ಕೊಕ್ಕರೆಗಳು ಹಾರುವುದನ್ನು ವರ್ಷಗಟ್ಟಲೆ ನೋಡಿ, ಅಳೆದು, 1889ರಲ್ಲಿ ಹಕ್ಕಿಗಳ ಹಾರಾಟದ ಮೇಲೆ ಪುಸ್ತಕ ಬರೆದ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದ ಕೆರೆಯಂಚಿನಲ್ಲಿ, ಕೆಂಬರಲುಗಳು ಗಾಳಿಗೆದುರಾಗಿ ರೆಕ್ಕೆ ಹರಡಿ ಮರಕ್ಕಿಳಿಯುವುದನ್ನು ನೋಡುತ್ತ ನಿಂತಿದ್ದರೆ ಆತ ಏನು ಹುಡುಕುತ್ತಿದ್ದನೆಂಬುದು ನಿಮಗೇ ತಿಳಿದೀತು. ಬಿಡುವಿನ ದಿನಗಳಲ್ಲಿ ಸುಮಾರು 2,000 ಸಲ ಗುಡ್ಡದಿಂದ ತೇಲಿ ಇಳಿದ ಆತ 1896ರ ಆಗಸ್ಟ್ 9ರಂದು ಬಿದ್ದು, ಮರುದಿನ ತೀರಿಕೊಂಡ.

ಇನ್ನು ಕೆಲವರನ್ನು ಬೇಗ ನೋಡಿಬಿಡೋಣ. ಬ್ರೆಜಿಲಿನ ಸಾಂಟೋಸ್ ಡ್ಯೂಮಾಂಟ್ ಕಾಫಿ ತೋಟದ ಧಣಿಯ ಮಗ, ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಆದರೆ ಆತ ತನ್ನ ಪುಟ್ಟ ಡೆಮೊಯ್ಸೆಲ್ ವಿಮಾನದ ನಕ್ಷೆಯನ್ನು ಹಕ್ಕು ಕಾಯ್ದಿರಿಸದೆ ಲೋಕಕ್ಕೆ ಬಿಟ್ಟುಕೊಟ್ಟ. ಅಮೆರಿಕದ ಮಿನೆಸೋಟಾದ ಬರ್ನಾರ್ಡ್ ಪೀಟನ್‌ಪೋಲ್ ಹಳ್ಳಿಯ ಮೆಕ್ಯಾನಿಕ್. ಫೋರ್ಡ್ ಕಾರಿನ ಎಂಜಿನ್ ಕೂಡಿಸಿ ಅವನು ಮಾಡಿದ ಮರದ ವಿಮಾನದ ನಕ್ಷೆಯಿಂದ ಜನ ಇಂದಿಗೂ ವಿಮಾನ ಕಟ್ಟುತ್ತಾರೆ. ನ್ಯೂಜಿಲೆಂಡಿನ ರಿಚರ್ಡ್ ಪಿಯರ್ಸ್ ರೈತ. ಬಿದಿರು, ಕ್ಯಾನ್ವಾಸ್ ಬಟ್ಟೆಗಳಿಂದ ಯಂತ್ರ ಕಟ್ಟಿದ ಆತ ರೈಟರಿಗಿಂತ ಮೊದಲೇ ಹಾರಿದನೆಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಆತನೇ ಪತ್ರಿಕೆಗಳಿಗೆ ಬರೆದ ಪತ್ರಗಳಲ್ಲಿ ಅಂಥ ಗೆಲುವು ತನ್ನದಲ್ಲವೆಂದು ಒಪ್ಪಿಕೊಂಡಿದ್ದ. ನನಗೆ ಪಿಯರ್ಸ್ ಹೆಚ್ಚು ಇಷ್ಟವಾಗುವುದು ಈ ಕಾರಣಕ್ಕೆ.

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ದ ವಿಷಯ ಎತ್ತದೆ ನಮ್ಮಲ್ಲಿ ವಿಮಾನದ ಚರ್ಚೆ ಮುಗಿಯುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು 1974ರಲ್ಲಿ ಅದನ್ನು ಪರಿಶೀಲಿಸಿ, ಗ್ರಂಥ ಇಪ್ಪತ್ತನೆಯ ಶತಮಾನದ್ದೆಂದೂ ಅಲ್ಲಿ ಬಣ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ನಮ್ಮ ನಿಜವಾದ ಹೆಮ್ಮೆಗೆ ಬೇರೆ ಕಾರಣಗಳಿವೆ.

1958ರಲ್ಲಿ ಬೆಂಗಳೂರಿನ ಎಚ್.ಎ.ಎಲ್. 'ಪುಷ್ಪಕ್' ಎಂಬ ಎರಡಾಸನದ ಹಗುರ ವಿಮಾನವನ್ನು ಹಾರಿಸಿತು. ಲೋಹದ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. 150ಕ್ಕೂ ಹೆಚ್ಚು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಹಗಲು ಬೇರೆ ಕೆಲಸ ಮಾಡಿಕೊಂಡು, ಭಾನುವಾರ ಕ್ಲಬ್ಬಿಗೆ ಹೋಗಿ ಹಾರುತ್ತಿದ್ದ ಎಷ್ಟೋ ಮಂದಿಗೆ ಅದು ಅಕ್ಷರಾಭ್ಯಾಸದ ಹಲಗೆಯಾಯಿತು. ಹವ್ಯಾಸದಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಜೆ.ಆರ್.ಡಿ. ಟಾಟಾ ಅವರೇ ಇದ್ದಾರಲ್ಲ. 1929ರಲ್ಲಿ ಪೈಲಟ್ ಪರವಾನಗಿ ಪಡೆದ ಆ ಉದ್ಯಮಿ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ತಂದರು. ಅಲ್ಲಿಂದ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಆ ದಾರಿಯ ನಿಲುಗಡೆ ನಮ್ಮ ಬಳ್ಳಾರಿ.

ಹೆಚ್ಚು ಜನರಿಗೆ ತಿಳಿಯದ ಸಂಗತಿಯೊಂದಿದೆ. ಬರ್ಟ್ ರುಟಾನ್ ಎಂಬ ಅಮೆರಿಕನ್ ವಿನ್ಯಾಸಕಾರ ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವವರಿಗಾಗಿ 'ಲಾಂಗ್ ಈಜೀ' ಎಂಬ ವಿಮಾನದ ನಕ್ಷೆ ಮಾಡಿದ್ದ. ಫೋಮ್ ತುಂಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಅಂಟಿನಿಂದ ಮೆತ್ತುವ ವಿಧಾನ ಅದು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಅದೇ ವಿನ್ಯಾಸವನ್ನು ಆಧರಿಸಿ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. 1993ರಲ್ಲಿ ಹಾರಿದ ಪ್ರಯೋಗಾಲಯದ ಸ್ವಂತ ವಿಮಾನ 'ಹಂಸ'ದ ಮೈಯೂ ನಾರು-ಅಂಟುಗಳದ್ದೇ. ದೊಡ್ಡವರು ಸಣ್ಣವರಿಂದ ಕಲಿಯುವುದು ಹೀಗೆ.

ಇನ್ನೊಂದು, ಇದಕ್ಕೆ ತಿರುಗುಮುರುಗು. ಫ್ರಾನ್ಸಿನಿಂದ ಬಂದ ಜೋಯೆಲ್ ಕೋಕ್ಲಾ 1980ರಲ್ಲಿ ಬೆಂಗಳೂರಿನಲ್ಲಿ 'ರಾಜಹಂಸ ಅಲ್ಟ್ರಾಲೈಟ್ಸ್' ಆರಂಭಿಸಿದರು. ಅವರ 'ಎಕ್ಸ್-ಏರ್' ವಿಮಾನ ಅಲ್ಯೂಮಿನಿಯಂ ಕೊಳವೆಗಳು, ನಟ್ಟು ಬೋಲ್ಟುಗಳು, ಹೊಲಿದ ಬಟ್ಟೆಯ ಹೊದಿಕೆ ಇವುಗಳ ಕಟ್ಟಾಗಿ ಪೆಟ್ಟಿಗೆಯಲ್ಲಿ ಬ್ರಿಟನ್ನಿಗೆ ಹೋಗುತ್ತಿತ್ತು. ಅಲ್ಲಿ ಹಗಲೆಲ್ಲ ತಮ್ಮ ತಮ್ಮ ನೌಕರಿ ಮಾಡಿ ಬಂದವರು ಸಂಜೆ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಅದನ್ನು ಜೋಡಿಸುತ್ತಿದ್ದರು. ಜೋಡಣೆಯ ಹಂತಗಳನ್ನು ಅಲ್ಲಿನ ಹಗುರ ವಿಮಾನಗಳ ಸಂಘದ ಪರೀಕ್ಷಕರು ನೋಡಿ ಒಪ್ಪಬೇಕಿತ್ತು. ಮುಂದೆ ಬಂದ ಒಂದು ಮಾದರಿಯ ಹೆಸರು 'ಹನುಮಾನ್'. ಹುಚ್ಚರಾಯಸ್ವಾಮಿಯ ಶಿಕಾರಿಪುರದವರು ಇದನ್ನು ಕೇಳಿ ನಗದೆ ಇರಲಾರರು.

ಈಗ ನಗುವಂಥದ್ದಲ್ಲದ ಒಂದು ಘಟನೆ. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಫುಲ್‌ಸಾವಂಗಿ ಗ್ರಾಮದಲ್ಲಿ 24 ವರ್ಷದ ವೆಲ್ಡರ್ ಒಬ್ಬ ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದಾಗ ಅದರ ರೆಕ್ಕೆ ಮುರಿದು ತಲೆಗೆ ಬಡಿದು ಸತ್ತ. ಎಂಜಿನ್ ಮಾರುತಿ 800 ಕಾರಿನದು. ವಿಡಿಯೋ ನೋಡಿ ಕಲಿತಿದ್ದ. ಶಿಕಾರಿಪುರದಲ್ಲೋ ಸೊರಬದಲ್ಲೋ ಟ್ರೇಲರು, ಗೇಟು, ಟಿಲ್ಲರುಗಳನ್ನು ಬೆಸೆಯುವ ವೆಲ್ಡಿಂಗ್ ಶಾಪಿನ ಮುಂದೆ ಹಾದುಹೋಗುವಾಗ ಅಲ್ಲಿನ ಹುಡುಗರನ್ನು ನೋಡಿ. ಆತ ಅವರಂತೆಯೇ ಇದ್ದವನು.

ಆತನಿಗೂ ರೈಟ್ ಸಹೋದರರಿಗೂ ಇದ್ದ ಅಂತರ ಡಿಗ್ರಿಯದಲ್ಲ, ಕಾಯಕದ್ದೂ ಅಲ್ಲ. ಅವರು ಮೊದಲು ಗಾಳಿಪಟ ಹಾರಿಸಿದರು, ಬಳಿಕ ಗ್ಲೈಡರು, ಬಳಿಕ ಗಾಳಿಸುರಂಗ, ಮತ್ತೆ ಗ್ಲೈಡರು, ಎಂಜಿನ್ ಬಂದದ್ದು ಕಟ್ಟಕಡೆಗೆ. ಬಿದ್ದರೆ ಬೀಳುವುದು ಮರಳಿನ ಮೇಲೆ, ಅದೂ ಕೆಲವೇ ಅಡಿ ಎತ್ತರದಿಂದ ಎಂದು ಜಾಗ ಆರಿಸಿದ್ದರು. ತಪ್ಪು ತೋರಿಸಲು ಆಕ್ಟೇವ್ ಶಾನೂಟ್ ಎಂಬ ಹಿರಿಯ ಎಂಜಿನಿಯರ್ ಜೊತೆ ಪತ್ರವ್ಯವಹಾರವಿತ್ತು. 1953ರಲ್ಲಿ ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ ಸ್ವಂತ ವಿಮಾನ ಕಟ್ಟುವವರ ಸಂಘ ಸ್ಥಾಪಿಸಿದ್ದರ ದೊಡ್ಡ ಲಾಭವೂ ಇದೇ, ಇನ್ನೊಬ್ಬನ ಕಣ್ಣು ನಿಮ್ಮ ಬೆಸುಗೆಯ ಮೇಲೆ ಬೀಳುತ್ತದೆ. ಯವತ್ಮಾಳದ ಹುಡುಗನ ಬೆಸುಗೆಯನ್ನು ನೋಡಿ 'ಬೇಡಪ್ಪಾ, ನಿಲ್ಲು' ಎನ್ನಬಲ್ಲ ತಿಳಿದವರು ಅವನ ಸುತ್ತ ಇದ್ದರೇ? ಟೀವಿಯವರಾದ ನಮ್ಮ ಕ್ಯಾಮೆರಾಗಳಿಗೂ ಯಂತ್ರ ನೆಲ ಬಿಡುವ ಕ್ಷಣವೊಂದೇ ಬೇಕು; ಅದಕ್ಕೆ ಮುಂಚಿನ ನೂರು ಮಂದ ಪರೀಕ್ಷೆಗಳನ್ನು ಯಾರೂ ಚಿತ್ರೀಕರಿಸುವುದಿಲ್ಲ.

ಮತ್ತೊಂದು ಬದಿಯಲ್ಲಿ ಕಾಗದಪತ್ರದ ಕಷ್ಟವಿದೆ. ಮುಂಬಯಿಯ ಅಮೋಲ್ ಯಾದವ್ ವೃತ್ತಿಯಿಂದ ವಿಮಾನ ಕಂಪನಿಯ ಪೈಲಟ್. ತಮ್ಮ ಮನೆಯ ತಾರಸಿಯ ಮೇಲೆ ಆರಾಸನದ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶಿಸಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಅದು ಧುಳೆಯಲ್ಲಿ ಹಾರಿದ್ದು 2020ರಲ್ಲಿ. ಜೀವದ ಪ್ರಶ್ನೆಯಾದ್ದರಿಂದ ಕಾನೂನು ಬಿಗಿಯಾಗಿರಬೇಕು, ಒಪ್ಪಿದೆ. ಆದರೆ ಕಟ್ಟುವವನ ಪಕ್ಕದಲ್ಲಿ ನಿಂತು ಹಂತಹಂತವಾಗಿ ನೋಡುವ ಪರೀಕ್ಷಕ ಹಳ್ಳಿಗೆ ತಲುಪುವಂತಿದ್ದರೆ ಬಿಗಿಯೂ ಉಳಿಯುತ್ತದೆ, ಹುಡುಗರೂ ಉಳಿಯುತ್ತಾರೆ.

2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಶಿಕಾರಿಪುರ, ಸೊರಬಗಳ ಮಕ್ಕಳಿಗೆ ವಿಮಾನ ಹತ್ತಿರದ ವಸ್ತುವಾಗಿದೆ. ನಿಮ್ಮ ಮನೆಯ ಮಗನೋ ಮಗಳೋ ತಾನೂ ಹಾರಬೇಕೆಂದು ಹಟ ಹಿಡಿದರೆ ಲೆಕ್ಕ ಹೀಗಿದೆ. ಖಾಸಗಿ ಪೈಲಟ್ ಪರವಾನಗಿಗೆ ವಯಸ್ಸು 17 ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ವೈದ್ಯಕೀಯ ತಪಾಸಣೆ ಮತ್ತು ಲಿಖಿತ ಪರೀಕ್ಷೆ ದಾಟಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. 1948ರಲ್ಲಿ ಶುರುವಾದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಬೆಂಗಳೂರಿನಲ್ಲೇ. ಖರ್ಚು ಮಾತ್ರ ಲಕ್ಷಗಳಲ್ಲಿ. ಅಡಿಕೆಯ ಧಾರಣೆ ನೋಡಿಕೊಂಡು ಹೊರಡಿ.