ಆಕಾಶಮಾರ್ಗದ ರೇಡಿಯೋ ದಾರಿದೀಪಗಳು

ಮೇಘದೂತದ ಯಕ್ಷನು ಮೇಘಕ್ಕೆ ಅಲಕಾಪುರಿಯ ದಾರಿಯನ್ನು ತಿಳಿಸುವಾಗ ಬೆಟ್ಟ, ಹೊಳೆ, ಪಟ್ಟಣಗಳನ್ನೇ ಗುರುತಾಗಿ ಹೇಳುತ್ತಾನೆ. ಮೊದಮೊದಲಿನ ವಿಮಾನಚಾಲಕರಿಗೂ ಇವೇ ಆಧಾರವಾಗಿದ್ದುವು. 1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಅದನ್ನು ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ಆ ಪುಟ್ಟ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲವನ್ನು ನೋಡಿ, ನಕ್ಷೆಯೊಡನೆ ಹೋಲಿಸಿ ಹಾರಬೇಕಾಗಿತ್ತು. ಮೋಡ ಕವಿಯಿತೆಂದರೆ ಕಣ್ಣಿದ್ದೂ ಕುರುಡು.

ಈ ಕುರುಡಿಗೆ ಕಿವಿಯೇ ಕಣ್ಣಾದ ಬಗೆ ಸ್ವಾರಸ್ಯವಾದುದು. 1920ರ ದಶಕದ ಕೊನೆಯಲ್ಲಿ ಅಮೆರಿಕಾದವರು ತಂತಿಭಾಷೆಯ ಎರಡು ಅಕ್ಷರಗಳನ್ನು ಒಂದೇ ಠಾಣೆಯಿಂದ ಬೇರೆ ಬೇರೆ ದಿಕ್ಕಿಗೆ ಬಿತ್ತರಿಸಿದರು. ಒಂದು ಹ್ರಸ್ವ-ದೀರ್ಘ, ಇನ್ನೊಂದು ದೀರ್ಘ-ಹ್ರಸ್ವ. ಸರಿಯಾದ ದಾರಿಯಲ್ಲಿ ಎರಡೂ ಬೆರೆತು ಒಂದೇ ಎಡೆಬಿಡದ ನಾದವಾಗಿ ಕೇಳುವುದು. ದಾರಿ ತಪ್ಪಿದರೆ ಯಾವುದಾದರೊಂದು ಅಕ್ಷರ ಮೇಲಾಗುವುದು. ಆದರೆ ಒಂದು ಠಾಣೆಗೆ ನಾಲ್ಕೇ ದಾರಿಗಳು.

ಎಲ್ಲ ದಿಕ್ಕಿಗೂ ಸಮನಾಗಿ ಅಲೆಯನ್ನು ಕಳುಹಿಸುವ ದಾರಿದೀಪವೂ ಬಳಕೆಗೆ ಬಂದಿತು. ವಿಮಾನದೊಳಗಿನ ಮುಳ್ಳು ಅದರ ಕಡೆಗೆ ತಿರುಗುವುದು. ಇದಕ್ಕೂ ದೋಷವುಂಟು. ರಾತ್ರಿಯಲ್ಲಿ ಮುಳ್ಳು ತೂಗಾಡುತ್ತದೆ; ಮಿಂಚು ಹೊಡೆದರೆ ಠಾಣೆಯನ್ನು ಬಿಟ್ಟು ಮಿಂಚಿನ ಕಡೆಗೇ ತಿರುಗುವುದುಂಟು. ಎರಡನೆಯ ಮಹಾಯುದ್ಧದ ತರುವಾಯ ಹರಡಿದ ವಿ.ಓ.ಆರ್. ಠಾಣೆಯು ಈ ದೋಷವನ್ನು ಬಹಳಮಟ್ಟಿಗೆ ಕಳೆಯಿತು. ಅದು 108ರಿಂದ 118 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ಎರಡು ಸಂಜ್ಞೆಗಳನ್ನು ಕಳುಹಿಸುತ್ತದೆ. ಅವುಗಳ ಅಂತರವನ್ನು ಅಳೆದು, ತಾನು ಠಾಣೆಯ ಯಾವ ದಿಕ್ಕಿನಲ್ಲಿರುವೆನೆಂದು ಚಾಲಕನು ತಿಳಿಯುತ್ತಾನೆ. ಆದರೆ ಬೆಟ್ಟ ಅಡ್ಡವಾದರೆ ಆ ಅಲೆ ಆಚೆಗೆ ಮುಟ್ಟದು. ಇಳಿಯುವ ಹೊತ್ತಿಗೆ ಐ.ಎಲ್.ಎಸ್. ಎಂಬ ಬೇರೊಂದು ಸಾಧನವಿದೆ. ಅದು ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ವಿಮಾನವನ್ನು ಓಡುದಾರಿಗೆ ತರುತ್ತದೆ.

ಈಗ ಮಾರ್ಗದರ್ಶಕರು ಕೃತಕ ಉಪಗ್ರಹಗಳು. ಅವುಗಳ ಲೆಕ್ಕದ ತಪ್ಪನ್ನು ತಿದ್ದುವ ‘ಗಗನ್’ ವ್ಯವಸ್ಥೆಯನ್ನು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ರಚಿಸಿದುವು; ಅದರ ನಿಯಂತ್ರಣ ಕೇಂದ್ರವೊಂದು ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. 2022ನೆಯ ಇಸವಿ ಏಪ್ರಿಲ್ 28ರಂದು ಇಂಡಿಗೋ ವಿಮಾನವೊಂದು ಇದರ ನೆರವಿನಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು.

ಹಾಗಾದರೆ ಹಳೆಯ ಠಾಣೆಗಳನ್ನು ಕಿತ್ತುಹಾಕಬಹುದೆ? ಕೂಡದು. ಸುಮಾರು 20,000 ಕಿಲೋಮೀಟರು ಮೇಲಿನಿಂದ ಬರುವ ಸಂಜ್ಞೆ ಅತಿ ಕ್ಷೀಣವಾದುದು. ನೆಲದ ಮೇಲಿನ ಯಂತ್ರವೊಂದು ಅದನ್ನು ಅಡಗಿಸಬಲ್ಲುದು. ಸುಳ್ಳು ಸಂಜ್ಞೆಯನ್ನು ಕೊಟ್ಟು ವಿಮಾನವು ಇಲ್ಲದ ಕಡೆ ಇದೆಯೆಂದು ತೋರಿಸಲೂ ಬಲ್ಲುದು. ಯುದ್ಧ ನಡೆಯುವ ಸೀಮೆಗಳ ಬಳಿ ಇತ್ತೀಚಿನ ವರ್ಷಗಳಲ್ಲಿ ಹೀಗಾಗಿರುವುದು ಪ್ರಸಿದ್ಧ. ಆದುದರಿಂದಲೇ ಅಮೆರಿಕಾದವರು ವಿ.ಓ.ಆರ್. ಠಾಣೆಗಳನ್ನು ಕಡಿಮೆಮಾಡಿದರೂ, ಆಪತ್ಕಾಲಕ್ಕೆ ಬೇಕಾದಷ್ಟನ್ನು ಉಳಿಸಿಕೊಳ್ಳಲು ನಿಶ್ಚಯಿಸಿದರು.

ಇದು ದೂರದವರ ಮಾತೆಂದು ವಾಚಕರು ಎಣಿಸಬಾರದು. 2023ನೆಯ ಇಸವಿ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಕಡೂರು, ತರೀಕೆರೆ, ಅಜ್ಜಂಪುರಗಳ ಮಕ್ಕಳು ಮರಿಗಳೂ ಮಲೆನಾಡಿನ ಮಳೆ ಮಂಜುಗಳ ನಡುವೆ ಹಾರುವವರಾಗಿದ್ದಾರೆ. ಒಂದೇ ವಿಷಯವನ್ನು ಹಲವು ಪ್ರಮಾಣಗಳು ತಿಳಿಸಬಹುದೆಂದು ನೈಯಾಯಿಕರು ಒಪ್ಪುತ್ತಾರೆ. ಪ್ರಮಾಣಸಂಪ್ಲವವೆಂದು ಅದರ ಹೆಸರು. ನೂರಾರು ಪ್ರಾಣಗಳನ್ನು ಹೊತ್ತು ಮೋಡದೊಳಗೆ ಇಳಿಯುವವನಿಗೆ ಒಬ್ಬ ಸಾಕ್ಷಿಯ ಮಾತು ಸಾಲದು. ಎರಡನೆಯ ಸಾಕ್ಷಿಗೆ ತಗಲುವ ವೆಚ್ಚವನ್ನು ದಂಡವೆಂದು ಯಾರೂ ಲೆಕ್ಕಹಾಕದಿರಲಿ.