ಮರುಭೂಮಿಯ ಏಕಾಂತ ಮತ್ತು ನೆರೆಯವರ ಹೊಣೆ: ಈಜಿಪ್ಟಿನ ಆದಿ ಕ್ರೈಸ್ತ ವಿರಕ್ತರ ಮನೋಸಾಧನೆಯ ಸ್ವರೂಪ

ನಾಲ್ಕನೆಯ ಶತಮಾನದ ಈಜಿಪ್ಟಿನಲ್ಲಿ ಊರು ತೊರೆದು ಮರುಭೂಮಿ ಸೇರಿದ ಕ್ರೈಸ್ತ ವಿರಕ್ತರನ್ನು ಇಂದಿನ ಜನಪ್ರಿಯ ಬರಹಗಳು ಮೌನದ ಆಚಾರ್ಯರೆಂದು ಕೊಂಡಾಡುತ್ತವೆ. ಗದ್ದಲದಿಂದ ದಣಿದ ಮನಸ್ಸಿಗೆ ಅವರಲ್ಲಿ ನೆಮ್ಮದಿಯ ದಾರಿ ಸಿಗುತ್ತದೆ ಎಂಬುದು ಆ ಬರಹಗಳ ಆಶಯ. ಈ ಗ್ರಹಿಕೆಯಲ್ಲಿ ಸತ್ಯದ ಅಂಶವಿದ್ದರೂ ಅದು ಅಪೂರ್ಣ. ಮನಸ್ಸನ್ನು ಒಂದೆಡೆ ನಿಲ್ಲಿಸುವ ಅವರ ಸಾಧನೆ ಕೈಗೆಲಸ, ಹಿರಿಯರೆದುರು ಮನಸ್ಸು ಬಿಚ್ಚುವ ರೂಢಿ, ಪರರ ಬಗೆಗಿನ ಹೊಣೆ ಎಂಬ ಮೂರು ಕಟ್ಟುಗಳ ಒಳಗೇ ನಡೆಯಿತು. ಆ ಕಟ್ಟುಗಳನ್ನು ಕಳಚಿ ಏಕಾಂತವನ್ನಷ್ಟೇ ಎತ್ತಿಕೊಂಡರೆ ಸಾಧನೆಯ ತಿರುಳೇ ಕೈತಪ್ಪುತ್ತದೆ ಎಂಬುದು ಈ ಲೇಖನದ ವಾದ.

ಒಂಟಿ ತಪಸ್ವಿಯ ಚಿತ್ರ ನಮ್ಮಲ್ಲಿ ನೆಲೆಯೂರಲು ಮುಖ್ಯ ಕಾರಣ ಅಥನಾಸಿಯುಸ್ ಸುಮಾರು 360ರ ಹೊತ್ತಿಗೆ ಬರೆದ ಸಂತ ಅಂತೋಣಿಯ ಚರಿತ್ರೆ. ಆದರೆ ದಾಖಲೆಗಳು ಬೇರೊಂದು ಚಿತ್ರವನ್ನೂ ಕೊಡುತ್ತವೆ. ಈಜಿಪ್ಟಿನ ಕ್ರೈಸ್ತ ಸನ್ಯಾಸಿಯೊಬ್ಬನನ್ನು ಹೆಸರಿಸುವ, ಕಾಲ ನಿಶ್ಚಿತವಾದ ಅತ್ಯಂತ ಹಳೆಯ ಪಪೈರಸ್ 324ರ ಒಂದು ದೂರುಪತ್ರ. ಕರಾನಿಸ್ ಗ್ರಾಮದ ರೈತನೊಬ್ಬ ತನ್ನ ಬೆಳೆ ಮೇಯ್ದ ಹಸುವನ್ನು ಹಿಡಿದೊಯ್ಯುವಾಗ ಅದರ ಒಡೆಯರಿಂದ ಹೊಡೆತ ತಿಂದನೆಂದೂ, ಧರ್ಮಸೇವಕನೊಬ್ಬನ ಜೊತೆ ಇಸಾಕನೆಂಬ ಸನ್ಯಾಸಿ ನಡುವೆ ಬಂದು ಬಿಡಿಸಿದನೆಂದೂ ಆ ದೂರಿನಲ್ಲಿದೆ. ಸನ್ಯಾಸಿ ಇಲ್ಲಿ ಹೊಲದ ಜಗಳದ ನಡುವೆಯೇ ಕಾಣಿಸಿಕೊಳ್ಳುತ್ತಾನೆ. ಮರುಭೂಮಿಯ ಒಳಗೂ ಸ್ಥಿತಿ ತೀರ ಬೇರೆಯಲ್ಲ. ಸುಮಾರು 420ರಲ್ಲಿ ಬರೆದ ಪಲ್ಲಾಡಿಯುಸ್, ನಿತ್ರಿಯಾ ಎಂಬ ವಿರಕ್ತರ ನೆಲೆಯಲ್ಲಿದ್ದ ಏಳು ರೊಟ್ಟಿಭಟ್ಟಿಗಳು ಅಲ್ಲಿನವರ ಜೊತೆಗೆ ಒಳಮರುಭೂಮಿಯ 600 ವಿರಕ್ತರಿಗೂ ಆಹಾರ ಒದಗಿಸುತ್ತಿದ್ದವೆನ್ನುತ್ತಾನೆ. ಇನ್ನೂ ಒಳಗಿನ ಕೆಲ್ಲಿಯಾದಲ್ಲಿ ಗುಡಿಸಲುಗಳು ಒಂದಕ್ಕೊಂದು ಕಾಣದಷ್ಟು ದೂರದಲ್ಲಿದ್ದವು. ಆದರೂ ಶನಿವಾರ, ಭಾನುವಾರ ಎಲ್ಲರೂ ಚರ್ಚಿನಲ್ಲಿ ಸೇರುತ್ತಿದ್ದರು. ಯಾರಾದರೂ ಬಾರದಿದ್ದರೆ ಕಾಯಿಲೆಯಿರಬೇಕೆಂದು ತಿಳಿದು, ಕೈಲಿದ್ದುದನ್ನು ಹಿಡಿದು ನೋಡಲು ಹೋಗುತ್ತಿದ್ದರೆಂದು ಆ ಕಾಲದ ಯಾತ್ರಿಕರ ವೃತ್ತಾಂತ ಹೇಳುತ್ತದೆ. ಒಬ್ಬನ ಗೈರುಹಾಜರಿಯನ್ನು ಗಮನಿಸುವ ಸಮುದಾಯವಿದ್ದುದರಿಂದಲೇ ಅಲ್ಲಿ ಏಕಾಂತ ಸಾಧ್ಯವಾಗಿತ್ತು.

ಕೆಲ್ಲಿಯಾದಲ್ಲಿ ಸುಮಾರು 14 ವರ್ಷ ಬಾಳಿ 399ರಲ್ಲಿ ತೀರಿಕೊಂಡ ಎವಾಗ್ರಿಯುಸ್, ಮನಸ್ಸನ್ನು ಕಾಡುವ ಎಂಟು ಬಗೆಯ ಆಲೋಚನೆಗಳನ್ನು ವಿಂಗಡಿಸಿದ ಚಿಂತಕ. ಅವುಗಳಲ್ಲಿ ನಡುಹಗಲಿನ ಬೇಸರವನ್ನು ಅವನು ಅತಿ ಕಠಿಣವೆಂದು ಎಣಿಸಿದ. ಬೆಳಗಿನ ಹತ್ತರ ಸುಮಾರಿಗೆ ಅದು ಹಿಡಿಯುತ್ತದೆ. ಸೂರ್ಯ ಸರಿಯುವುದೇ ಇಲ್ಲವೆನಿಸುತ್ತದೆ. ಕಣ್ಣು ಮತ್ತೆ ಮತ್ತೆ ಕಿಟಕಿಯತ್ತ ಹೋಗುತ್ತದೆ. ಯಾರಾದರೂ ಬಂದಾರೇ ಎಂದು ಮನಸ್ಸು ಹಾತೊರೆಯುತ್ತದೆ. ಈ ಲಕ್ಷಣಗಳು ಮೊಬೈಲ್ ಪರದೆಯನ್ನು ಪದೇ ಪದೇ ನೋಡುವ ನಮ್ಮ ಕಾಲದವರಿಗೆ ಕೂಡಲೇ ಗುರುತು ಸಿಗುತ್ತವೆ. ಆದರೆ ಎವಾಗ್ರಿಯುಸನ ವಿಶ್ಲೇಷಣೆ ಚಂಚಲತೆಯ ವರ್ಣನೆಗೆ ನಿಲ್ಲುವುದಿಲ್ಲ. ಈ ಬೇಸರ ಇರುವ ಜಾಗದ ಮೇಲೆ, ಕೈಗೆಲಸದ ಮೇಲೆ ಹಗೆ ಹುಟ್ಟಿಸುತ್ತದೆ. ಸಹೋದರರಲ್ಲಿ ಪ್ರೀತಿ ಬತ್ತಿದೆ, ತನಗೆ ಸಮಾಧಾನ ಹೇಳುವವರಿಲ್ಲ ಎಂದು ನಂಬಿಸುತ್ತದೆ. ಅವನ ದೃಷ್ಟಿಯಲ್ಲಿ ಗಮನ ಚದುರುವುದೂ ನೆಲ, ದುಡಿಮೆ, ಜನರೊಂದಿಗಿನ ನಂಟು ಸಡಿಲವಾಗುವುದೂ ಒಂದೇ ರೋಗದ ಮುಖಗಳು.

ರೋಗ ಇಂಥದಾದ್ದರಿಂದ ಮದ್ದೂ ಧ್ಯಾನವೊಂದೇ ಆಗಲಿಲ್ಲ. ಈಜಿಪ್ಟಿನ ವಿರಕ್ತರನ್ನು ಕಂಡು ಬರೆದ ಜಾನ್ ಕಾಸ್ಸಿಯನ್ನನ, ಇದೇ ಬೇಸರವನ್ನು ಕುರಿತ ಅಧ್ಯಾಯ ಬಹುಪಾಲು ದುಡಿಮೆಯ ಚರ್ಚೆಯೇ ಆಗಿದೆ. ಈಜಿಪ್ಟಿನ ವಿರಕ್ತರು ತಮ್ಮ ಅನ್ನ ತಾವೇ ದುಡಿದುಕೊಂಡು, ಬರಪೀಡಿತ ಲಿಬಿಯಾಕ್ಕೂ ನಗರಗಳ ಸೆರೆಮನೆಗಳಿಗೂ ಆಹಾರ ಕಳಿಸುತ್ತಿದ್ದರೆಂದು ಅವನು ಬರೆಯುತ್ತಾನೆ. ಇದಕ್ಕೆ ಎದುರಾಗಿ ಅದೇ ಅಧ್ಯಾಯದ ಇನ್ನೊಂದು ಪ್ರಸಂಗವನ್ನು ಮುಂದಿಡಬಹುದು. ಪೇಟೆಯಿಂದ ಬಹುದೂರ ವಾಸವಿದ್ದ ಪೌಲನೆಂಬ ಹಿರಿಯ ವರ್ಷವಿಡೀ ತಾಳೆಗರಿಯ ಕೆಲಸ ಮಾಡಿ, ಸಾಗಣೆಯ ಖರ್ಚು ಹುಟ್ಟದೆಂದು ವರ್ಷದ ಕೊನೆಗೆ ಎಲ್ಲವನ್ನೂ ಸುಡುತ್ತಿದ್ದನಂತೆ. ಹಾಗಾದರೆ ದುಡಿಮೆ ಮನಸ್ಸಿನ ವ್ಯಾಯಾಮ ಮಾತ್ರವೇ? ಪೌಲನ ಕಥೆ ದುಡಿಮೆಯಿಲ್ಲದೆ ಮನಸ್ಸು ನಿಲ್ಲದೆಂಬುದನ್ನು ತೋರಿಸುತ್ತದೆ, ನಿಜ. ಆದರೆ ಮಾರುವ ದಾರಿಯೇ ಇಲ್ಲದವನ ಸ್ಥಿತಿ ಅದು. ಸುಗ್ಗಿಯಲ್ಲಿ ಕೂಲಿಗೆ ಹೋಗುತ್ತಿದ್ದವರು, ಬುಟ್ಟಿ ಹೆಣೆದು ಮಾರುತ್ತಿದ್ದವರು, ಎವಾಗ್ರಿಯುಸನಂತೆ ಗ್ರಂಥಗಳನ್ನು ನಕಲು ಮಾಡಿ ಬದುಕುತ್ತಿದ್ದವರು ಈ ಪರಂಪರೆಯ ಸಾಮಾನ್ಯ ರೀತಿ. ಪೌಲ ಅದರ ಅಂಚು.

ಇನ್ನೂ ಗಂಭೀರವಾದ ಆಕ್ಷೇಪಗಳಿವೆ. ಒಂಟಿಯಾಗಿ ಬಾಳುವವನು ಯಾರ ಪಾದ ತೊಳೆದಾನು ಎಂಬ ಪ್ರಶ್ನೆಯನ್ನು ಕೈಸರೈಯದ ಬೆಸಿಲ್ ಆ ಕಾಲದಲ್ಲೇ ಎತ್ತಿದ್ದ. ಯಾರ ಸಂಬಂಧವೂ ಇಲ್ಲದ ಏಕಾಂತದ ಮಟ್ಟಿಗೆ ಅವನ ಮಾತು ಒಪ್ಪತಕ್ಕದ್ದೇ. ಅತಿಥಿ ಬಂದರೆ ಉಪವಾಸ ಮುರಿದು ಅವನೊಡನೆ ಉಣ್ಣುತ್ತಿದ್ದ ಹಿರಿಯರು ಆ ಪ್ರಶ್ನೆಗೆ ನಡೆಯಲ್ಲೇ ಉತ್ತರ ಕೊಟ್ಟಿದ್ದರು. ಎರಡನೆಯ ಆಕ್ಷೇಪ ಹಿಂಸೆಯದು. ತತ್ತ್ವಜ್ಞಾನಿ ಹಿಪೇಶಿಯಾಳ ಕೊಲೆ ನಡೆದ 415ಕ್ಕೆ ಹಿಂದಿನ ಗಲಭೆಯಲ್ಲಿ ನಿತ್ರಿಯಾದ ಸುಮಾರು 500 ಸನ್ಯಾಸಿಗಳು ಅಲೆಕ್ಸಾಂಡ್ರಿಯಕ್ಕೆ ನುಗ್ಗಿ ರಾಜ್ಯಪಾಲ ಒರೆಸ್ಟೀಸನ ಮೇಲೆ ಬಿದ್ದರೆಂದು ಇತಿಹಾಸಕಾರ ಸಾಕ್ರಟೀಸ್ ದಾಖಲಿಸಿದ್ದಾನೆ. ಈ ಕಳಂಕವನ್ನು ಮುಚ್ಚಿಡುವುದು ಸಲ್ಲದು. ಆದರೆ ಆ ಸಮೂಹವನ್ನು ಅಳೆಯುವ ಅಳತೆಗೋಲು ಮರುಭೂಮಿಯ ಪರಂಪರೆಯಲ್ಲೇ ಇದೆ. ತಪ್ಪು ಮಾಡಿದ ಸಹೋದರನ ವಿಚಾರಣೆಗೆ ಕರೆ ಬಂದಾಗ, ಹಿಂದೆ ದರೋಡೆಕೋರನಾಗಿದ್ದ ಅಬ್ಬಾ ಮೋಶೆ ಸೋರುವ ಪಾತ್ರೆ ಹೊತ್ತು ಬಂದು, ತನ್ನ ಪಾಪಗಳೇ ಹೀಗೆ ಹಿಂದೆ ಸೋರುತ್ತಿವೆಯೆಂದು ತೋರಿಸಿದ ಪ್ರಸಂಗವನ್ನು ಹಿರಿಯರ ಸೂಕ್ತಿಸಂಗ್ರಹ ಕಾಪಿಟ್ಟಿದೆ. ಹಿರಿಯನೆದುರು ಆಲೋಚನೆಗಳನ್ನು ಬಿಚ್ಚಿಡುವ ರೂಢಿ ಯಜಮಾನಿಕೆಯಾಗದಿರಲು ಹಿರಿಯನಲ್ಲಿ ಈ ವಿನಯ ಇರಲೇಬೇಕಾಗಿತ್ತು. ಅದು ತಪ್ಪಿದಲ್ಲಿ ಪರಂಪರೆಯೂ ದಾರಿ ತಪ್ಪಿತು.

ಇಂದಿನ ಚಂಚಲತೆ ವೈಯಕ್ತಿಕ ದೋಷವಲ್ಲ, ಗಮನವನ್ನೇ ಸರಕಾಗಿಸಿದ ಉದ್ಯಮಗಳ ಸೃಷ್ಟಿ. ಅದಕ್ಕೆ ಸನ್ಯಾಸಿಗಳ ಆತ್ಮಸಂಯಮವನ್ನು ಪರಿಹಾರವೆನ್ನುವುದು ಬಲಿಪಶುವನ್ನೇ ಹೊಣೆ ಮಾಡಿದಂತೆ ಎಂದು ವಾದಿಸಬಹುದು. ವಾದ ಬಲವಾದದ್ದು. ಏಕಾಂತದ ಶಿಬಿರಗಳಿಗೆ, ನೆಮ್ಮದಿಯ ಆ್ಯಪ್‌ಗಳಿಗೆ ಅದು ಪೂರ್ತಿ ಅನ್ವಯಿಸುತ್ತದೆ. ಮರುಭೂಮಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿನವರು ಮನಸ್ಸಿನ ಸ್ಥೈರ್ಯವನ್ನು ಒಬ್ಬೊಬ್ಬರ ಇಚ್ಛಾಶಕ್ತಿಗೆ ಬಿಡದೆ, ವಾರದ ಕೂಟ, ಹಂಚಿಕೊಂಡ ರೊಟ್ಟಿ, ಇತರರಿಗೂ ಉಣಿಸುವ ದುಡಿಮೆ, ಕೇಳಿಸಿಕೊಳ್ಳುವ ಹಿರಿಯ ಇವುಗಳಿಂದ ಬದುಕಿನ ವ್ಯವಸ್ಥೆಯನ್ನೇ ಬದಲಿಸಿಕೊಂಡಿದ್ದರು. ಅವರ ನಂಬಿಕೆಯನ್ನು ಒಪ್ಪದವರೂ ಈ ತಿಳಿವನ್ನು ಒಪ್ಪಬಹುದು. ಗಮನವನ್ನು ಮರಳಿ ಪಡೆಯುವ ಕೆಲಸ ಮನೆ, ಶಾಲೆ, ಕಚೇರಿಗಳಲ್ಲಿ ಕೂಡಿ ಮಾಡಿಕೊಳ್ಳುವ ಏರ್ಪಾಡುಗಳಿಂದ ಆಗಬೇಕು. ಒಬ್ಬೊಬ್ಬರೇ ಕಣ್ಣುಮುಚ್ಚಿ ಕುಳಿತು ಅದನ್ನು ಸಾಧಿಸಬೇಕೆಂದು ಹೇಳಲು ಈ ವಿರಕ್ತರ ಹೆಸರನ್ನು ಬಳಸುವುದು ಅವರ ಬದುಕಿನ ಸಾಕ್ಷ್ಯಕ್ಕೆ ವಿರುದ್ಧವಾದದ್ದು.